ಬಾಯಿ ಬ್ಯಾರೆ

ಎಡಕ್ಕ, ಮ್ಯಾಲ, ಮೂಲಿಯೊಳಗ ಒಂದು ಬಿಳಿ ಚುಕ್ಕಿ.
ಏಳು ವರ್ಷ ನಾ ತೆಗೆದ ಎಲ್ಲಾ ಮದುವಿಯೊಳಗೂ ಐತಿ.
ಮಸ್ಕಿಯೊಳಗ ಚಪ್ಪರದ ತೂತಿನಂಗ,
ಮಾನ್ವಿಯೊಳಗ ಸೋದರಮಾವನ ಕಿವಿಗೆ ಹತ್ತಿದ ಸುಣ್ಣದಂಗ,
ಒಂದು ರಾತ್ರಿ, ಮೆರವಣಿಗಿಯೊಳಗ, ಖರೇನ ಚಿಕ್ಕಿಯಂಗ.
ರೊಕ್ಕ ಹೆಚ್ಚು ಕೊಟ್ಟವರಿಗೆ ಅಳಿಸಿ ಕೊಡ್ತಿದ್ದೆ.
ಉಳಿದವರು ಕೇಳಲಿಲ್ಲ, ನಾ ಹೇಳಲಿಲ್ಲ.

ಕೊಳ್ಳಾಕ ಬಂದ ಹುಡುಗಗ ಮಾತ್ರ ಹೇಳಿಬಿಟ್ಟೆ.
ಲಿಂಗಸೂಗೂರಿನ ಬಂದೇನವಾಜ, ಹತ್ತೊಂಬತ್ತಿರಬೇಕು,
ರೊಕ್ಕ ಕರವಸ್ತ್ರದಾಗ ಗಂಟು ಹಾಕಿ ತಂದಿದ್ದ.
"ಒಂದು ಪಿಕ್ಸೆಲ್ ಸತ್ತೈತಪಾ."
ನನ್ನ ಮಾರಿ ನೋಡಿದ, ಕ್ಯಾಮೆರಾದ ಮಾರಿ ನೋಡಿದ,
ಎರಡು ಸಾವಿರ ಇಳಿಸಿದ.
ಇದನ್ನ ಮನಿಯಾಗ ಇನ್ನೂ ಹೇಳಿಲ್ಲ.

ಬದಲಿ ಯಾಕ ಅಂದ್ರ,
ಈಗಿನ ಮಂದಿಗೆ ಅಕ್ಕಿಕಾಳು ಗಾಳಿಯೊಳಗ ನಿಂತಿರಬೇಕು.
ಅಕ್ಷತಿ ಕೈ ಬಿಟ್ಟಿರಬೇಕು, ತಲಿಗೆ ಬಿದ್ದಿರಬಾರದು,
ನಡುವಿನ ಅಷ್ಟು ಹೊತ್ತು ಅವರಿಗೆ ಬೇಕು.
ಹಳೇದು ಅಷ್ಟು ಸಾವಕಾಶ ನೋಡಂಗಿಲ್ಲ.

ಲೆಕ್ಕ ಹಿಂಗ:
ಹಳೇದು ಮಾರಿದ್ದು ಇಪ್ಪತ್ತಾರು.
ಯಂಕಮ್ಮನ ಚೀಟಿ, ಸವಾಲಿನಾಗ ಮೂರು ಬಿಟ್ಟು, ಇಪ್ಪತ್ತೆರಡು.
ದೇವದುರ್ಗದ ಬೀಗರು ಎರಡು ವರ್ಷದಿಂದ ಕೊಡಬೇಕಾದ ಎಂಟು,
ಅದು ವಹಿಯೊಳಗ ಐತಿ, ಕೈಯೊಳಗಿಲ್ಲ.
ಹೈದರಾಬಾದಿನ ಕೋಠಿಯೊಳಗ ಸೆಕೆಂಡ್‌ಹ್ಯಾಂಡ್ ಬಾಡಿ ಐವತ್ತೊಂದು.
ಅದರ ಲೆನ್ಸ್ ಕೇಳಿದ್ರ ಮತ್ತ ಅಷ್ಟ.
ನನ್ನ ಹಳೇ ಮೂರು ಲೆನ್ಸಿಗೂ ಅದಕ್ಕೂ
ಬಾಯಿ ಬ್ಯಾರೆ. ಕಚ್ಚಂಗಿಲ್ಲ.
ನಡುವ ನಾಕು ಸಾವಿರದ ಅಡಾಪ್ಟರ್, ದುಭಾಷಿಯಂಗ.
ಕಮ್ಮಿ ಬಿದ್ದ ಏಳು ಮೌನೇಶ ಕೊಟ್ಟ,
ತನ್ನ ಡ್ರೋನಿನ ಕಂತು ಒಂದು ತಿಂಗಳು ತಪ್ಪಿಸಿ.

ದುಭಾಷಿ ನಮಗ ಹೊಸಬನಲ್ಲ.
ಗಂಜಿನಾಗ ತೆಲುಗು, ಪಂಚರಂಗಡಿಯಾಗ ಉರ್ದು,
ಮನಿಗೆ ಬಂದು ಕನ್ನಡದಾಗ ಬೈಸ್ಕೊಳ್ಳೋದು, ಇದು ನಮ್ಮೂರು.
ಆದ್ರ ಅಗ್ಗದ ದುಭಾಷಿ ತೊದಲ್ತಾನ.
ಮದುಮಗಳ ಕಣ್ಣು ಹಿಡಿಯಪಾ ಅಂದ್ರ
ಹಿಂದಿನ ಬಾಳಿಕಂಬ ಹಿಡಿದು ನಿಂದರ್ತಾನ.

ಕೃಷ್ಣಾ ಸೇತುವಿ ಮ್ಯಾಲ ರೈಲು ಸಾವಕಾಶಾತು.
ತಡಿಯಲಾರದ ಚೀಲ ಬಿಚ್ಚಿ
ನನ್ನ ಮಾರಿ ನಾನ ತಗೊಂಡೆ. ಹಸರು.
ಮನಿಯಾಗ ಹೆಂಡತಿ ಸ್ಕ್ರೀನ್ ನೋಡಿ
"ಹೊಟ್ಟಿ ಕೆಟ್ಟಿತ್ತೇನು ಅವತ್ತು?" ಅಂದಳು.
ಹಳೇದು ನಮ್ಮನ್ನ ಯಾವಾಗಲೂ ಒಂಚೂರು ಕೆಂಪಗ,
ಈಗಷ್ಟ ಊಟ ಮಾಡಿ ಎದ್ದವರಂಗ ತೋರಿಸ್ತಿತ್ತು.
ಮೂರು ರಾತ್ರಿ ಕುಂತು ಹಸರು ತೆಗೆದೆ,
ನಮ್ಮ ಬಣ್ಣ ಯಾವುದು ಅಂತ
ಕೈ ದೀಪಕ್ಕ ಹಿಡಿದು ಹಿಡಿದು ನೋಡಿ.

ಮೇ ತಿಂಗಳ ಮೊದಲ ಮದುವಿ, ಸ್ಟೇಷನ್ ರೋಡಿನ ಮಂಟಪ.
ನಲವತ್ನಾಕು ಡಿಗ್ರಿ. ಕರೆಂಟ್ ಹೋಗಿತ್ತು
(ಶಕ್ತಿನಗರದ ಚಿಮಣಿ ಮಾಳಿಗಿ ಮ್ಯಾಲಿಂದ ಕಾಣ್ತಿತ್ತು).
ಮೂರ್ತಕ್ಕ ಹತ್ತು ನಿಮಿಷ ಇದ್ದಾಗ
ಸ್ಕ್ರೀನಿನ ಮ್ಯಾಲ ಕೆಂಪು ಥರ್ಮಾಮೀಟರ್. ಆಮ್ಯಾಲ ಕತ್ತಲಿ.
ಕೋಠಿಯಾಂವ ಇದನ್ನ ಹೇಳಿರಲಿಲ್ಲ.
ಅಂವಗ ಎರಡು ಸಾವಿರ ಉಳೀತು.

ಕುಂತು ಕಾಲಾಗ ಕ್ಯಾಮೆರಾ ಇಟ್ಕೊಂಡು ಬಾಯಿಂದ ಊದ್ತಿದ್ದೆ.
ಮದುಮಗಗ ಗಾಳಿ ಹಾಕ್ತಿದ್ದ ಮುದುಕಿ
ನೋಡಿದಳು, ಎದ್ದಳು,
ಅಂವನ ಅಲ್ಲೇ ಬೆವರಾಕ ಬಿಟ್ಟು
ಬೀಸಣಿಕಿ ನನ್ನ ಕಡೆ ತಿರುಗಿಸಿದಳು.
"ಕೂಸಿಗೆ ಜ್ವರ ಬಂದಾವೇನು?" ಅಂದಳು.
"ಹೂನವ್ವ."
"ನೀರು ಕುಡಸಬಾರದೇನು?"
"ಕುಡಿದ್ರ ಸಾಯ್ತೈತವ್ವ."
"ಅಯ್ಯ, ಎಂಥಾದ್ದು ತಂದೀ" ಅಂತ ಇನ್ನೂ ಜೋರು ಬೀಸಿದಳು.

ಗಟ್ಟಿಮೇಳಕ್ಕ ಕಣ್ಣು ಬಿಡ್ತು.
ಆಟೋಫೋಕಸ್ ಆರಿಸಿ ಕೈಲೇ ತಿರುವಿದೆ.
ಅಕ್ಕಿ ನಿಂತಿತು.
ಒಂದೊಂದು ಕಾಳೂ ತನ್ನ ನೆರಳು ಹೊತ್ತುಕೊಂಡು,
ಯಾರ ತಲಿ ಮ್ಯಾಲ ಬೀಳಲಿ ಅಂತ ಯೋಚಿಸೋರಂಗ.
ಬಲಕ್ಕ, ಅಂಚಿನಾಗ, ಬೀಸಣಿಕಿ ತುದಿ ಬಂದೈತಿ,
ಹದ್ದಿನ ರೆಕ್ಕಿಯಷ್ಟು ಸಾವಕಾಶ.
ಕತ್ತರಿಸಬಹುದಿತ್ತು. ಕತ್ತರಿಸಿಲ್ಲ.

ರಾತ್ರಿ ಎಡಿಟಿಂಗಿಗೆ ಕುಂತ್ರ ಮೌಸು
ತಾನಾಗೇ ಎಡಕ್ಕ, ಮ್ಯಾಲ, ಮೂಲಿಗೆ ಹೋಗ್ತೈತಿ.
ಅಲ್ಲೇನಿಲ್ಲ.
ಸ್ವಲ್ಪ ಹೊತ್ತು ನಿಂತು ವಾಪಸ್ ಬರ್ತೈತಿ.

ದೇವದುರ್ಗದ ಎಂಟು ಇನ್ನೂ ಬಂದಿಲ್ಲ.